ಪಾಸಾಗದ ಕಾರಿಗೆ ನಾನು ಹಚ್ಚಿದ ಭಂಡಾರ

ವರ್ಷದ ಖಾರ ಕುಟ್ಟಿಸಲೆಂದು ತಂದ ಮೆಣಸಿನಕಾಯಿಯನ್ನು ಪಡಸಾಲೆಯಲ್ಲಿ ಸುರುವಿಕೊಂಡು ತೊಟ್ಟು ಮುರಿಯುತ್ತ ಕುಳಿತಿದ್ದೆ. ಅರ್ಧ ಚೀಲ ಮುಗಿದಿತ್ತು. ಬೆರಳು ಉರಿಯುತ್ತಿದ್ದವು, ಕಣ್ಣು ಒರೆಸಿಕೊಳ್ಳುವ ಹಾಗಿರಲಿಲ್ಲ. ಅಷ್ಟರಲ್ಲಿ ನಮ್ಮ ಕಾರು ಓಣಿಯೊಳಗೆ ಬಂದ ಸದ್ದಾಯಿತು. ಬೆಳಿಗ್ಗೆ ಅದನ್ನು ಬಾಗಲಕೋಟೆಗೆ ಪಾಸಿಂಗಿಗೆ ಒಯ್ದಿದ್ದವರು ಮಿಸ್ತ್ರಿ. ಕೆರೂರಿನಲ್ಲಿ ಮೊದಲಿನಿಂದ ನಮ್ಮ ಕಾರಿನ ರಿಪೇರಿ ಅವರದೇ. ಮೂಲೆ ತಿರುಗುವಾಗ ಹಾರ್ನ್ ಹೊಡೆಯುವುದು ಅವರ ರೂಢಿ. ಅಂದು ಹೊಡೆಯಲಿಲ್ಲ.

"ಯಾಕ್ರಿ, ಹಾರ್ನೂ ಕೆಟ್ಟಿತೇನ್ರಿ?" ಎಂದು ಕುಳಿತಲ್ಲಿಂದಲೇ ಕೇಳಿದೆ.

"ಹಾರ್ನ್ ಚಲೋ ಐತ್ರಿ ವೈನಿ. ಹಾರ್ನಿಗೆ ಪಾಸ್ ಕೊಟ್ಟಾರ, ಗಾಡಿಗೆ ಕೊಟ್ಟಿಲ್ಲ."

ಒಳಗೆ ಮಂಚದ ಮೇಲೆ ಮಲಗಿದ್ದ ನಮ್ಮ ಮನೆಯವರು, "ಯಾತಕ್ಕ ಹಿಡದ್ರು?" ಎಂದು ಕೂಗಿದರು.

"ಹೊಗಿರಿ ಮಾಲಕರ. ಬ್ರೇಕ್ ಹಿಡೀಲಿಲ್ಲ, ಲೈಟ್ ಹಿಡೀಲಿಲ್ಲ, ಟಾಯರ್ ಹಿಡೀಲಿಲ್ಲ. ಹೊಗಿ ಹಿಡದ್ರು."

ಮಿಸ್ತ್ರಿ ಮೆಣಸಿನಕಾಯಿ ಘಾಟಿಗೆ ಸೀನುತ್ತ ಒಳಗೆ ಹೋದರು. ನಾನು ತೊಟ್ಟು ಮುರಿಯುವುದನ್ನು ನಿಲ್ಲಿಸಿದೆ.

ಇದು ಎಂಬತ್ತರ ದಶಕದ ಮೊದಲಿನ ವರ್ಷಗಳ ಮಾತು. ನಮ್ಮದು ಬಾಡಿಗೆ ಕಾರು, ಮೈ ಕರಿ, ತಲೆ ಹಳದಿ. ರೋಗಿಗಳನ್ನು ಬಾಗಲಕೋಟೆ ದವಾಖಾನೆಗೆ, ಪ್ರವಾಸದವರನ್ನು ಬಾದಾಮಿ ಗುಹೆಗಳಿಗೆ ನಮ್ಮ ಮನೆಯವರು ಕರೆದೊಯ್ಯುತ್ತಿದ್ದರು. ಆ ದೀಪಾವಳಿ ಮುಂದೆ ಕಲಾದಗಿಯ ಹತ್ತಿರ ಗಾಲಿ ಬದಲಿಸುವಾಗ ಜಾಕ್ ಜಾರಿತು. ಕಾರನ್ನು ಹಿಡಿಯಲು ಹೋಗಿ ಅವರ ಬೆನ್ನು ಉಳುಕಿ ಕೂತಿತು. ಗಾಲಿ ಕಾಲ ಮೇಲೆ ಬೀಳಲಿಲ್ಲ, ಅಷ್ಟು ನಮ್ಮ ಮನೆದೇವರು ಬೀರಪ್ಪ ಕಾಯ್ದ. ಡಾಕ್ಟರು ಮಾತ್ರ, ಇನ್ನು ಡ್ರೈವರ್ ಸೀಟಿನ ಮೇಲೆ ಕೂಡುವ ಆಸೆ ಬಿಡಿ ಎಂದರು. ನಮ್ಮ ಓಣಿಯ ಹಿಟ್ಟಿನ ಗಿರಣಿಯ ಮುದುಕ ಗಿರಣಿ ಬಿಟ್ಟುಕೊಡುವವನಿದ್ದ. ಕಾರು ಮಾರಿ ಗಿರಣಿ ಹಿಡಿಯುವುದೆಂದು ಮಾತಾಯಿತು. ಯುಗಾದಿಯವರೆಗೆ ಕಾಯುತ್ತೇನೆ, ಆಮೇಲೆ ಕೇಳಬೇಡಿ ಎಂದು ಮುದುಕ ಮೊದಲೇ ಹೇಳಿದ್ದ.

ಬಾಡಿಗೆ ಕಾರು ವರ್ಷಕ್ಕೊಮ್ಮೆ ಆರ್‌ಟಿಒ ಸಾಹೇಬರ ತಪಾಸಣೆಯಲ್ಲಿ ಪಾಸಾಗಬೇಕು. ಪಾಸಾಗದ ಕಾರನ್ನು ರಸ್ತೆಯಲ್ಲಿ ಓಡಿಸುವಂತಿಲ್ಲ, ಮಾರಹೋದರೆ ಯಾರೂ ಸುಲಭಕ್ಕೆ ಮುಟ್ಟುವುದಿಲ್ಲ. ಹಾಗಾಗಿ ಮೊದಲು ಪಾಸಿಂಗ್, ಆಮೇಲೆ ಗಿರಾಕಿ.

ಮಿಸ್ತ್ರಿ ನಮ್ಮ ಅಂಗಳದ ಬೇವಿನ ಮರದ ಕೆಳಗೇ ಇಂಜಿನ್ ಬಿಚ್ಚಿದರು. ಹನ್ನೆರಡು ದಿನ ಅಂಗಳದಲ್ಲಿ ರಂಗೋಲಿ ಬೀಳಲಿಲ್ಲ. ನನ್ನ ಹಳೆ ಪರಾತದಲ್ಲಿ ಸೀಮೆಎಣ್ಣೆ ಸುರುವಿ, ಅವರು ಕೊಟ್ಟ ಸಾಮಾನನ್ನೆಲ್ಲ ತೊಳೆದು ಗೋಣಿತಟ್ಟಿನ ಮೇಲೆ ಸಾಲಾಗಿ ಇಡುವುದು ನನ್ನ ಪಾಲಿನ ಕೆಲಸ. ಒಳಗೆ ಕಟ್ಟಿದ ಮಸಿಯನ್ನು ಅವರು ಕೆರೆದರು, ಪ್ಲಗ್ ಬದಲಿಸಿದರು, ಹುಬ್ಬಳ್ಳಿಯಿಂದ ಪಿಸ್ಟನ್ನಿಗೆ ಹೊಸ ರಿಂಗ್ ತರಿಸಿದರು. ರಿಂಗ್ ಎಂದರೆ ಬಳೆಯಂಥದೇ, ಒಂದು ಕಡೆ ಸೀಳಿರುತ್ತದೆ. ಪಿಸ್ಟನ್ ಮೇಲೆ ಕೆಳಗೆ ಆಡುವಾಗ ಎಣ್ಣೆಯನ್ನು ಕೆಳಗೇ ತಡೆದು ನಿಲ್ಲಿಸುವುದು ಅದರ ಕೆಲಸ. ಅದು ಸವೆದರೆ ಎಣ್ಣೆ ಮೇಲೇರಿ ಪೆಟ್ರೋಲಿನ ಜೊತೆ ಸುಡುತ್ತದೆ, ಹಿಂದೆ ನೀಲಿ ಹೊಗೆ ಬರುತ್ತದೆ. ಇಷ್ಟೆಲ್ಲ ನಾನು ಆ ಹನ್ನೆರಡು ದಿನಗಳಲ್ಲಿ ಕಲಿತೆ. ನಮ್ಮ ಮನೆಯವರು ಮಲಗಿದಲ್ಲಿಂದಲೇ ಕಿಟಕಿಯಲ್ಲಿ ನೋಡಿ, "ನನಗ ಇಷ್ಟ ದಿವಸ ಗೊತ್ತಿರಲಿಲ್ಲ ಬಿಡು, ಮನ್ಯಾಗ ಒಬ್ಬ ಮಿಸ್ತ್ರಿ ಇದ್ದಳಂತ" ಎಂದು ನಗಾಡಿದರು. ಅವರು ನಕ್ಕದ್ದನ್ನು ಕೇಳಿ ಎಷ್ಟೋ ದಿನವಾಗಿತ್ತು. ಅದನ್ನೂ ಒಂದು ಪುಣ್ಯವೆಂದೇ ಎಣಿಸಿದೆ.

ಎರಡನೆಯ ಸಲ ಪಾಸಿಂಗಿಗೆ ನಾನೂ ಹೋದೆ. ಕಳೆದ ಸಲ ಸಾಹೇಬರು ಮಾಲಕರೆಲ್ಲಿ ಎಂದು ಕೇಳಿದ್ದರಂತೆ. ನಮ್ಮ ಮನೆಯವರು ಏಳುವಂತಿರಲಿಲ್ಲ, ಅವರ ಬದಲಿಗೆ ನಾನು. ಕಾಯಿ ಒಡೆದು, ಗಾಲಿ ಕೆಳಗೆ ನಿಂಬೆಹಣ್ಣು ಇಟ್ಟು ಹೊರಟೆವು.

ಬಾಗಲಕೋಟೆಯ ಆ ಬಯಲಿನಲ್ಲಿ ಲಾರಿ, ಟೆಂಪೊಗಳ ಸಾಲು. ಹೆಣ್ಣುಮಗಳೆಂದರೆ ನಾನೊಬ್ಬಳೇ. ಒಬ್ಬ ಲಾರಿ ಡ್ರೈವರ್, "ಅಕ್ಕಾರ, ನಿಮ್ಮದು ಲೈಸನ್ಸಿಗೇನ್ರಿ?" ಎಂದು ಚಾಷ್ಟಿ ಮಾಡಿದ. ಮಿಸ್ತ್ರಿ ಬಿಡಲಿಲ್ಲ. "ಇಂಜಿನ್ ಬಿಚ್ಚಿ ಜೋಡಸ್ಯಾರಲೇ ಅವರು. ನಿನ್ನ ಲಾರಿ ಕೊಡು, ಸಂಜಿಕ ಬಿಚ್ಚಿ ಕೊಡ್ತಾರ."

ಸರದಿ ಬಂತು. ಸಾಹೇಬರು ಮೈಸೂರು ಕಡೆಯವರು, ಮೆತ್ತಗಿನ ಮಾತು. ಬ್ರೇಕ್ ನೋಡಿದರು, ದೀಪ ಹಚ್ಚಿಸಿದರು, ಸ್ಟೇರಿಂಗ್ ಅಲುಗಿಸಿದರು. ಆಮೇಲೆ ಹಿಂದೆ ಹೋಗಿ ನಿಂತು, "ಜೋರಾಗಿ ಒತ್ತಿ, ಹಾಗೇ ಹಿಡೀರಿ" ಎಂದರು. ಮಿಸ್ತ್ರಿ ಆಕ್ಸಿಲರೇಟರ್ ಒತ್ತಿದರು. ಮೊದಲು ಏನೂ ಇಲ್ಲ. ನನ್ನ ಬಾಯಲ್ಲಿ ದೇವರ ಹೆಸರು ನಡೆದೇ ಇತ್ತು. ಸಾಹೇಬರು ಕೈ ಇಳಿಸಲಿಲ್ಲ. "ಇನ್ನೂ ಹಿಡೀರಿ." ಇಂಜಿನ್ ಕಾದಂತೆ ಒಂದು ಎಳೆ ಬಂತು, ಆಮೇಲೆ ಎರಡು, ನೋಡನೋಡುತ್ತಿದ್ದಂತೆ ಸಾಹೇಬರ ಪ್ಯಾಂಟು ಕಾಣದಷ್ಟು ನೀಲಿ ಹೊಗೆ. ಅವರು ಬಿಳಿ ಕಾಗದವೊಂದನ್ನು ಸೈಲೆನ್ಸರ್ ಬಾಯಿಗೆ ಹಿಡಿದು ನನಗೆ ತೋರಿಸಿದರು. ಕಾಗದದ ತುಂಬ ಎಣ್ಣೆ ಹನಿ.

"ನೋಡಿಯಮ್ಮಾ, ಮಿಕ್ಕಿದ್ದೆಲ್ಲ ಸರಿಯಾಗಿದೆ. ಇದೊಂದನ್ನ ನಾನು ಬಿಡೋ ಹಾಗಿಲ್ಲ. ಇಂಜಿನ್ ಬೋರ್ ಮಾಡಿಸ್ಕೊಂಡು ಬನ್ನಿ, ಕಾಯಿಸ್ದೆ ಪಾಸ್ ಮಾಡಿಕೊಡ್ತೀನಿ."

ಅವರ ಮೇಲೆ ಆಗ ಸಿಟ್ಟು ಬಂದಿತ್ತು. ಈಗ ಅನಿಸುತ್ತದೆ, ಆ ಇಡೀ ವ್ಯವಹಾರದಲ್ಲಿ ಕಂಡದ್ದನ್ನು ಕಂಡ ಹಾಗೆ ಹೇಳಿದವರಲ್ಲಿ ಅವರೂ ಒಬ್ಬರು.

ತಿರುಗಿ ಬರುವ ದಾರಿಯಲ್ಲಿ ಮಿಸ್ತ್ರಿ ಕನ್ನಡಿಯಲ್ಲಿ ಹಿಂದಿನ ಹೊಗೆಯನ್ನೇ ನೋಡುತ್ತ ಗಾಡಿ ಹೊಡೆದರು. ಆಮೇಲೆ ತಾವೇ ಹೇಳಿದರು. "ವೈನಿ, ನಿಮ್ಮ ಒಳಕಲ್ಲು ಸವೆದು ಅಗಲ ಆಗೈತಿ ಅಂತ ತಿಳೀರಿ. ಹೊಸಾ ಗುಂಡು ತಂದು ಹಾಕಿದ್ರ ಏನಾತು? ಸಂದಿ ಸಂದೀನ. ನಾ ರಿಂಗ್ ಹಾಕೀನಿ, ಆದರ ಇಂಜಿನ್ ತೂತ ಸವೆದೈತಿ. ಹುಬ್ಬಳ್ಳಿಗೆ ಒಯ್ದು ಕೊರಸಬೇಕು, ಪಿಸ್ಟನ್ನೂ ಹೊಸಾವ ಹಾಕಬೇಕು."

ಅದಕ್ಕೆ ಬೇಕಾದಷ್ಟು ನಮ್ಮಲ್ಲಿ ಇರಲಿಲ್ಲ. ಬೆನ್ನಿನ ಚಿಕಿತ್ಸೆಯೇ ಎಲ್ಲವನ್ನೂ ನುಂಗಿತ್ತು.

"ಇನ್ನೊಂದು ಹಾದಿ ಐತಿ" ಎಂದು ಮಿಸ್ತ್ರಿ ಮನೆಗೆ ಬಂದ ಮೇಲೆ ನಮ್ಮ ಮನೆಯವರಿಗೆ ಹೇಳಿದರು. "ಗೇರಿಗೆ ಹಾಕೋ ದಪ್ಪ ಎಣ್ಣಿ ಇಂಜಿನ್ನಿಗೆ ಬೆರಸೂದು. ಸಣ್ಣಗೆ ಓಡಿಸಿದ್ರ ಹತ್ತು ಹದಿನೈದು ದಿವಸ ಹೊಗಿ ಕಾಣಂಗಿಲ್ಲ. ಗಿರಾಕಿ ಒಂದ್ ಸುತ್ತು ಹೊಡೀತಾನ, ಒಯ್ತಾನ."

"ಆಮ್ಯಾಲ?"

"ಆಮ್ಯಾಲ ಅವನ ಪಾಡು."

ನಮ್ಮ ಮನೆಯವರು ಗೋಡೆಯ ಕಡೆ ಮುಖ ತಿರುಗಿಸಿದರು. "ಬ್ಯಾಡ. ಹೊಗಿ ಐತಿ, ಎರಡ ಸಲ ಫೇಲಾಗೈತಿ ಅಂತ ಹೇಳೇ ಮಾರೂಣು. ನಮ್ಮಪ್ಪ ಕುಂಟ ಟಗರು ಸುದ್ದಾ ಕುಂಟೈತಿ ಅಂತ ಹೇಳೇ ಮಾರಿದಾಂವ."

ಇಲ್ಲಿ ನಮ್ಮ ಮನೆತನದ ರೀತಿಯನ್ನು ಹೇಳಬೇಕು. ನಮ್ಮವರು ಕುರಿ ಸಾಕಿದವರು, ಬೀರಪ್ಪನ ಒಕ್ಕಲು. ಕುರಿ ಮಾರುವಾಗ ಕೊಳ್ಳುವವ "ಐಬು ಏನೈತಿ?" ಎಂದು ಕೇಳುತ್ತಾನೆ. ಕಣ್ಣು ಮಂಜು, ಕಾಲು ಸೊಟ್ಟ, ಹಾಲು ಕಡಿಮೆ, ಏನಿದ್ದರೂ ಮಾರುವವ ಎಲ್ಲ ಹೇಳಬೇಕು. ಹೇಳಿ ಮುಗಿಸಿದ ಮೇಲೆ ದೇವರ ಭಂಡಾರ, ಅಂದರೆ ಅರಿಶಿನಪುಡಿ, ತೆಗೆದು ಕೊಳ್ಳುವವನ ಹಣೆಗೆ ಹಚ್ಚುತ್ತಾನೆ. ಭಂಡಾರ ಹಚ್ಚಿದ ಎಂದರೆ ಇನ್ನೇನೂ ಮುಚ್ಚಿಟ್ಟಿಲ್ಲ ಎಂದು ದೇವರ ಮುಂದೆ ನುಡಿದ ಹಾಗೆ. ಅಲ್ಲಿಗೆ ಕೊಳ್ಳುವವ ಮತ್ತೆ ಹಲ್ಲು ಹಿಡಿದು ನೋಡುವುದಿಲ್ಲ. ಕಾರು ಕುರಿಯಲ್ಲ, ಖರೆ. ಆದರೆ ನಮ್ಮ ಮನೆಯಲ್ಲಿ ಎತ್ತನ್ನೂ ಹೊಲವನ್ನೂ ಕೊಟ್ಟದ್ದು ಹೀಗೆಯೇ.

ಮೊದಲ ಗಿರಾಕಿ ಇಳಕಲ್ಲಿನ ಸೀರೆ ವ್ಯಾಪಾರಿ. ನಮ್ಮ ಮನೆಯವರು ಅವನಿಗೆ ಎಲ್ಲ ಹೇಳಿದರು. ಅವನು ಚಹಾ ಕುಡಿದು, "ಹೊಗಿ ಬಿಟಗೋತ ಹೋಗಾಕ ನಾ ಏನ್ ರೈಲ್ ನಡಸ್ತೇನೇನ್ರಿ?" ಎಂದು ಎದ್ದು ಹೋದ. ಹೋದವನು ಸುಮ್ಮನಿರಲಿಲ್ಲ. ಹುನಗುಂದದಿಂದ ಬರುತ್ತೇನೆಂದವನು ಸುದ್ದಿ ಕೇಳಿ ಬರಲಿಲ್ಲ. ಬಾದಾಮಿಯವನೊಬ್ಬ ಬಂದು ಗುಜರಿಯ ಬೆಲೆ ಹೇಳಿದ. ಕಾರು ಅಂಗಳದಲ್ಲೇ ನಿಂತಿತು. ಟೈರುಗಳಲ್ಲಿ ಗಾಳಿ ಇಳಿಯಿತು, ಹಿಂದಿನ ಸೀಟಿನ ಮೇಲೆ ಪಕ್ಕದ ಮನೆಯವರ ಕೋಳಿ ಮೊಟ್ಟೆ ಇಟ್ಟಿತು. ಅತ್ತ ಗಿರಣಿಯ ಮುದುಕ, "ಯವ್ವಾ, ಮತ್ತೊಬ್ಬಾಂವ ಕೇಳಾಕತ್ಯಾನ" ಎಂದು ಎರಡು ಸಲ ಹೇಳಿಕಳಿಸಿದ. ಯುಗಾದಿಗೆ ಎಂಟು ದಿನ ಉಳಿದಿದ್ದವು.

ನನಗೆ ಹೆದರಿಕೆಯಾಯಿತು. ಗಿರಣಿ ತಪ್ಪಿದರೆ ಇವರು ಆ ಮಂಚದಿಂದ ಏಳುವುದೇ ಇಲ್ಲ ಎನಿಸಿತು. ಬೆನ್ನಿಗಿಂತ ಹೆಚ್ಚಾಗಿ ಮನಸ್ಸೇ ಕುಸಿಯುತ್ತಿರುವುದನ್ನು ನಾನು ದಿನವೂ ನೋಡುತ್ತಿದ್ದೆ. ಇದು ಕಾರಣ ಅಷ್ಟೇ. ಇದನ್ನೇ ಮುಂದಿಟ್ಟು ತಪ್ಪಿಲ್ಲ ಎನ್ನುವುದಿಲ್ಲ.

ರಾಮಥಾಳದ ಗಿರಾಕಿಯೊಬ್ಬ ಶುಕ್ರವಾರ ಬರುತ್ತೇನೆಂದು ಹೇಳಿಕಳಿಸಿದ್ದ. ಬುಧವಾರ ನನ್ನ ಅಣ್ಣ ಬಂದು ಇವರನ್ನು ಬೆನ್ನು ಜಗ್ಗುವ ಚಿಕಿತ್ಸೆಗೆಂದು ಬಾಗಲಕೋಟೆಗೆ ಕರೆದೊಯ್ದ, ಎರಡು ರಾತ್ರಿ ಅಲ್ಲೇ ಇರಬೇಕಿತ್ತು. ಹೋಗುವಾಗ ಇವರು, "ಅಕಸ್ಮಾತ್ ಗಿರಾಕಿ ಮೊದಲ ಬಂದ್ರ ಹೊಗಿ ವಿಷಯ ಹೇಳು" ಎಂದರು. ಹೂಂ ಎಂದೆ. ಬಸ್ಸು ಹೋದ ಮೇಲೆ ನೇರವಾಗಿ ಮಿಸ್ತ್ರಿಯ ಅಂಗಡಿಗೆ ನಡೆದೆ.

"ಆ ದಪ್ಪ ಎಣ್ಣಿ ಹಾಕಿಬಿಡ್ರಿ."

ಮಿಸ್ತ್ರಿ ಕೈ ಒರೆಸಿಕೊಳ್ಳುತ್ತ ನನ್ನನ್ನು ನೋಡಿದರು. "ಮಾಲಕರಿಗೆ ಗೊತ್ತೈತೇನ್ರಿ ವೈನಿ?"

"ನಾ ಹೇಳ್ತೇನಿ."

ಅವರು ಎಣ್ಣೆ ಡಬ್ಬಿ ಹಿಡಿದು ನಮ್ಮ ಅಂಗಳಕ್ಕೆ ಬಂದು ಹಾಕಿದರು.

ಗಿರಾಕಿ ಗುರುವಾರವೇ ಬಂದ. ನಲವತ್ತರ ಆಸುಪಾಸಿನವ, ಹೆಗಲ ಮೇಲೆ ಕಂಬಳಿ. ಹುನಗುಂದದಲ್ಲಿ ಯಾರದೋ ಟೆಂಪೊವನ್ನು ವರ್ಷಗಟ್ಟಲೆ ಓಡಿಸಿದ್ದನಂತೆ. ಈಗ ತನ್ನ ಸ್ವಂತದ್ದೊಂದು ಗಾಡಿ ಮಾಡಿಕೊಂಡು ಹುನಗುಂದ ಇಳಕಲ್ ನಡುವೆ ಬಾಡಿಗೆ ಹೊಡೆಯಬೇಕೆಂದು ಅರ್ಧ ಹಿಂಡು ಮಾರಿ ಬಂದಿದ್ದ. ಬಾಗಿಲಲ್ಲೇ ನಿಂತು, ದೇವರ ಜಗಲಿಯ ಮೇಲಿನ ಬೀರಪ್ಪನನ್ನು ನೋಡಿ ಕೈಮುಗಿದ.

"ನೀವೂ ಬೀರಪ್ಪನ ಒಕ್ಕಲೇನಕ್ಕಾ? ಹಂಗಾರ ಅಕ್ಕನ ಮನಿಗೆ ಬಂದಂಗಾತು ಬಿಡು."

ಮಿಸ್ತ್ರಿಯನ್ನು ಜೊತೆಗೆ ಕೂರಿಸಿಕೊಂಡು ಊರ ಹೊರಗಿನ ತನಕ ಓಡಿಸಿ ಬಂದ. ಇಳಿದು ಹಿಂದೆ ಹೋಗಿ ಬಗ್ಗಿ ನೋಡಿದ. ಹೊಗೆ ಇರಲಿಲ್ಲ. ಮಿಸ್ತ್ರಿ ಕೆಲಸವಿದೆ ಎಂದು ಹೇಳಿ ಹೊರಟೇಬಿಟ್ಟರು. ನನ್ನ ಮುಖ ನೋಡಲಿಲ್ಲ.

"ಪಾಸಿಂಗ್ ಆಗೈತೇನಕ್ಕಾ?"

"ಈ ವರ್ಷದ್ದು ಆಗಬೇಕು." ಅದು ಸುಳ್ಳಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

"ಅಷ್ಟ ಅಲ್ಲ? ನಾ ಮಾಡಿಸ್ತೇನಿ ಬಿಡು." ಆಮೇಲೆ ಅವನು ಪಡಸಾಲೆಯಲ್ಲಿ ಚಕ್ಕಳಬಕ್ಕಳ ಹಾಕಿ ಕುಳಿತು, ಕುರಿ ಕೊಳ್ಳುವವನಂತೆಯೇ ಕೇಳಿದ. "ಐಬು ಏನರ ಐತೇನಕ್ಕಾ?"

ನಾನು ಹೇಳಿದೆ. ಹಿಂದಿನ ಎಡಗಡೆ ಬಾಗಿಲು ಜೋರಾಗಿ ಬಡಿದರೇ ಮುಚ್ಚುತ್ತದೆ. ವೈಪರ್ ಮಳೆ ಬಂದಾಗಲೇ ಕೈಕೊಡುತ್ತದೆ. ಡ್ರೈವರ್ ಸೀಟಿನ ಸ್ಪ್ರಿಂಗ್ ಚುಚ್ಚುತ್ತದೆ. ಕೋಳಿ ಮೊಟ್ಟೆ ಇಟ್ಟದ್ದನ್ನೂ ಹೇಳಿದೆ. ಅವನು ನಕ್ಕ. "ಕೋಳಿನೂ ಕೊಡ್ತಿಯೇನು?" ಎಂದ. ನಾನೂ ನಕ್ಕೆ.

"ಮತ್ತ?"

ಒಲೆಯ ಮೇಲೆ ಹಾಲಿತ್ತು. ಅದು ಉಕ್ಕುತ್ತದೇನೋ ಎಂಬಂತೆ ಅತ್ತ ನೋಡಿದೆ. "ಅಷ್ಟ" ಎಂದೆ.

ಅವನು ರುಮಾಲು ಸರಿಸಿ ತಲೆ ಬಾಗಿಸಿದ. ಜಗಲಿಯ ಮೇಲಿನ ಭಂಡಾರದ ಚೀಲಕ್ಕೆ ಕೈ ಹಾಕಿದೆ. ಹಣೆಯ ಮೇಲೆ ಮೂರು ಬೆರಳಿನಿಂದ ಭಂಡಾರ ಹಚ್ಚಿದೆ. ಅವನು ರೊಕ್ಕ ಎಣಿಸಿಕೊಟ್ಟು, ಇವರು ಮೊದಲೇ ಸಹಿ ಹಾಕಿಟ್ಟಿದ್ದ ಕಾಗದ ತೆಗೆದುಕೊಂಡ. ಕಾರು ಓಣಿ ದಾಟಿತು. ಮೂಲೆಯಲ್ಲಿ ಅವನು ಹಾರ್ನ್ ಹೊಡೆದ.

ಮರುದಿನ ಇವರು ಬಂದರು. ಖಾಲಿ ಅಂಗಳ ನೋಡಿ, "ಹೊಗಿ ವಿಷಯ ಹೇಳಿದ್ಯೇನು?" ಎಂದು ಕೇಳಿದರು.

"ಹೇಳೀನ್ರಿ."

"ಕೇಳಿನೂ ಒಯ್ದನೇನು? ದೊಡ್ಡ ಮನಸಿನ ಮನಶ್ಯಾ ಇರಬೇಕು."

ಯುಗಾದಿಯ ದಿನವೇ ಗಿರಣಿ ಹಿಡಿದೆವು. ನಾನು ಎಣಿಸಿದ್ದು ಸುಳ್ಳಾಗಲಿಲ್ಲ. ಬೆನ್ನಿಗೆ ಪಟ್ಟಿ ಕಟ್ಟಿಕೊಂಡು ಎತ್ತರದ ಸ್ಟೂಲಿನ ಮೇಲೆ ಕುಳಿತು ಇವರು ಹಿಟ್ಟು ಬೀಸಿಕೊಡಲು ಸುರು ಮಾಡಿದರು. ಮೈಯೆಲ್ಲ ಬೆಳ್ಳಗೆ ಮಾಡಿಕೊಂಡು ಊಟಕ್ಕೆ ಬರುವುದನ್ನು ನೋಡಿದರೆ ಕಣ್ಣು ತುಂಬುತ್ತಿತ್ತು. ಆದರೆ ಸಂಜೆ ದೀಪ ಹಚ್ಚುವಾಗ ಭಂಡಾರದ ಚೀಲ ಬಿಚ್ಚಲು ಆಗುತ್ತಿರಲಿಲ್ಲ. ಕುಂಕುಮ ಏರಿಸಿ ಕೈಮುಗಿದು ಎದ್ದುಬಿಡುತ್ತಿದ್ದೆ.

ಒಂದೂವರೆ ತಿಂಗಳಾಗಿರಬೇಕು. ಕೆರೂರ ಸಂತೆಯ ದಿನ, ಮಧ್ಯಾಹ್ನದ ರೊಟ್ಟಿಗೆ ಹಿಟ್ಟು ನಾದುತ್ತಿದ್ದೆ. "ಅಕ್ಕಾ" ಎಂದು ಕರೆದದ್ದು ಕೇಳಿತು. ರಾಮಥಾಳದವ. ಕಾರು ತಂದಿರಲಿಲ್ಲ, ಸಂತೆಯ ಕಡೆಯಿಂದ ನಡೆದು ಬಂದಿದ್ದ. ಕೈಯಲ್ಲಿ ಮಕ್ಕಳಿಗೆಂದು ತಂದ ಚುರುಮುರಿಯ ಪೊಟ್ಟಣ. ನಮಗೆ ಮಕ್ಕಳಿಲ್ಲ ಎಂಬುದು ಅವನಿಗೆ ಗೊತ್ತಿರಲಿಲ್ಲ. ಹಿಟ್ಟು ಮುಚ್ಚಿಟ್ಟು, ಕೈ ತೊಳೆದು, ನೀರು ಕೊಟ್ಟೆ. ಅವನು ಚೊಂಬನ್ನು ಕೆಳಗಿಟ್ಟು, ನೆಲ ನೋಡುತ್ತ ಮಾತಾಡಿದ.

"ನಿನ್ನ ಗಾಡಿ ನಾ ಕೆಡಿಸಿದೆ ಅಕ್ಕಾ."

"ಏನಾತು?"

"ಪಾಸಿಂಗಿಗೆ ಒಯ್ದಿದ್ದೆ, ಹೊಸಾ ಸಾಹೇಬ್ರು ಫೇಲ್ ಮಾಡಿದ್ರು. ಹೊಗಿ ಅಂದ್ರ ಹೊಗಿ, ಹಿಂದಿನ ಬಸ್ಸಿನ್ಯಾಂವ ಬೈತಾನ. ಅದಕ್ಕ ಮೊದಲ ಒಂದ ದಿವಸ ಇಳಕಲ್ಲಿಗೆ ಹೋಗುವಾಗ ನೀರ ನೋಡ್ಲಿಲ್ಲ, ಇಂಜಿನ್ ಭಾಳ ಕಾದಿತ್ತು. ಅವತ್ತ ಕೆಟ್ಟಿತು. ಟೆಂಪೊ ಹೊಡದಾಂವ ನಾ, ಇಷ್ಟು ತಿಳೀಬಾರದಾ? ಹೆಂಡತಿ ಬೈದಳು, ಭಂಡಾರ ಹಚ್ಚಿ ಕೊಟ್ಟ ಗಾಡಿ ತಿಂಗಳದಾಗ ಹಾಳ ಮಾಡಿದಿ ಅಂತ."

ನಾನು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡೆ.

"ಹುಬ್ಬಳ್ಯಾಗ ಬೋರ್ ಮಾಡಸ್ಬೇಕಂತ. ಉಳದಿದ್ದು ಎಂಟ ಕುರಿ, ಎಲ್ಲಾ ಗಬ್ಬದವು. ಮುಂಜಾನೆ ಸಂತ್ಯಾಗ ಕೊಟ್ಟ ಬಂದೆ. ನಾಳೆ ಗಾಡಿ ಹುಬ್ಬಳ್ಳಿಗೆ ಒಯ್ತೇನಿ. ನಿನ್ನ ಕೈಲೇ ಒಂದೀಟ ಭಂಡಾರ ಹಚ್ಚು, ಈ ಸಲರ ಪಾಸಾಗ್ಲಿ."

ಹೀಗೆಂದು ರುಮಾಲು ಸರಿಸಿ ತಲೆ ಬಾಗಿಸಿದ.

ನಾನು ಚೀಲ ಕೈಗೆ ತೆಗೆದುಕೊಂಡೆ. ಅದರ ದಾರ ಬಿಚ್ಚಿದೆ. ಬೆರಳು ಒಳಗೆ ಹೋಗಲಿಲ್ಲ.

"ತಮ್ಮಾ, ತಲಿ ಎತ್ತು" ಎಂದೆ. "ಗಾಡಿ ನೀ ಕೆಡಿಸಿಲ್ಲ. ಮೊದಲ ಎರಡ ಸಲ ಫೇಲಾಗಿತ್ತು. ಇದ ಹೊಗಿಗೆ. ನೀ ಬರೂ ಮುಂದ ದಪ್ಪ ಎಣ್ಣಿ ಹಾಕಸಿದ್ದೆ, ನಾನ ನಿಂತು ಹಾಕಸಿದ್ದೆ."

ಅವನು ತಲೆ ಎತ್ತಿದ. ಬೈಯುತ್ತಾನೆಂದು ಕಾದೆ. ಓಣಿಯ ಮಂದಿ ಸೇರುವಂತೆ ಕೂಗಾಡಲಿ ಎಂದೂ ಒಂದು ಮನಸ್ಸು ಬಯಸಿತು. ಅವನು ಕಂಬಳಿಯ ಎಳೆಯೊಂದನ್ನು ಎಳೆದು ಕಿತ್ತ.

"ಹೇಳಿದ್ರೂ ತಗೊಂತಿದ್ದೆ ಅಕ್ಕಾ" ಎಂದ ಕೊನೆಗೆ. "ನನಗೂ ಬ್ಯಾರೆ ಗಾಡಿ ಎಲ್ಲಿ ನಿಲುಕತಿತ್ತು? ನಾಕ ಕುರಿ ರೊಕ್ಕ ಕಡಿಮಿ ಮಾಡು ಅಂತಿದ್ದೆ, ಆ ರೊಕ್ಕದಾಗ ಆವಾಗ ಬೋರ್ ಮಾಡಸ್ತಿದ್ದೆ. ಗಬ್ಬದವು ಉಳೀತಿದ್ವು." ಆಮೇಲೆ, "ಎಣ್ಣಿ ಹಾಕ್ಸಿದಿ, ಹಾಕ್ಸಿದಿ. ವ್ಯಾಪಾರದಾಗ ಎಲ್ಲಾರೂ ಮಾಡ್ತಾರ. ಭಂಡಾರ ಯಾಕ ಹಚ್ಚಿದಿ?" ಎಂದ.

ಬಿಚ್ಚಿದ ಚೀಲವನ್ನು ನಾನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ಮಾವಾರಿಗೆ ಗೊತ್ತೈತೇನು?"

"ಇಲ್ಲ. ಹೇಳೀನಿ ಅಂತ ಸುಳ್ಳ ಹೇಳೀನಿ."

ಅವನು ಎದ್ದ. ನಾನು ಹಿಡಿದುಕೊಂಡೇ ನಿಂತಿದ್ದ ಚೀಲದಿಂದ ತನ್ನ ಕೈಯಿಂದಲೇ ಚಿಟಿಕೆ ಭಂಡಾರ ತೆಗೆದು ತಾನೇ ಹಣೆಗೆ ಹಚ್ಚಿಕೊಂಡ. "ದೇವರದೇನ ತಪ್ಪೈತಿ?" ಎಂದ. ನನ್ನ ಬೆರಳು ತಾಗದಂತೆ ತೆಗೆದುಕೊಂಡದ್ದು ನನಗೆ ತಿಳಿಯಿತು. ಹೋಗುವ ಮುಂದೆ ಬಗ್ಗಿ ಚೊಂಬು ಎತ್ತಿ ನೀರನ್ನು ಪೂರ್ತಿ ಕುಡಿದ. ನಮ್ಮ ಮನೆಯ ನೀರನ್ನಾದರೂ ಅವನು ಒಲ್ಲೆ ಎನ್ನಲಿಲ್ಲ. ಆ ದಿನದಲ್ಲಿ ನನಗೆ ಸಿಕ್ಕ ದಯೆ ಅದೊಂದೇ.

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ಬೋರಿನ ಖರ್ಚಿನಲ್ಲಿ ಅರ್ಧವನ್ನು ನಮ್ಮ ಮನೆಯವರು ರಾಮಥಾಳಕ್ಕೆ ಹೋಗಿ, ಹಟ ಹಿಡಿದು ಕೊಟ್ಟು ಬಂದರು. ಕಾರು ಪಾಸಾಯಿತು, ವರ್ಷಗಟ್ಟಲೆ ಓಡಿತು. ಸಂತೆಯಲ್ಲಿ ಹೋದ ಎಂಟು ಕುರಿ ಯಾವ ಊರು ಸೇರಿದವೋ, ಅವನ್ನು ತಿರುಗಿ ತರುವುದು ಯಾರಿಂದಲೂ ಆಗಲಿಲ್ಲ. ಆಮೇಲೆ ಅವನು ನಮ್ಮ ಓಣಿಗೆ ಬರಲಿಲ್ಲ.

ಆ ಮಧ್ಯಾಹ್ನ ಅವನು ಮೂಲೆ ತಿರುಗುವವರೆಗೂ ಹೊಸ್ತಿಲಲ್ಲಿ ನಿಂತಿದ್ದೆ. ಗಿರಣಿಯ ಸದ್ದು ನಿಂತಿತು. ಇವರು ಊಟಕ್ಕೆ ಹೊರಡುವ ಹೊತ್ತು. ಒಳಗೆ ಬಂದು ನೋಡಿದರೆ ನಾದಿಟ್ಟ ಹಿಟ್ಟು ಆರಿ ಬಿರಿದಿತ್ತು. ಜೋಳದ ಹಿಟ್ಟು ಹಾಗೆ ಆರಿದರೆ ತಟ್ಟುವಾಗ ಅಂಚು ಒಡೆಯುತ್ತದೆ. ಒಲೆ ಊದಿ ಮತ್ತೆ ಎಸರಿಟ್ಟೆ. ಇವರಿಗೆ ಮೊದಲೇ ಹೇಳಬೇಕೋ ಉಂಡ ಮೇಲೆ ಹೇಳಬೇಕೋ ಎಂದು ಯೋಚಿಸುವಷ್ಟರಲ್ಲಿ ನೀರು ಮರಳಿತು. ಉಂಡ ಮೇಲೆ ಎಂದುಕೊಂಡರೆ ಮತ್ತೆ ಮುಚ್ಚಿಟ್ಟ ಹಾಗೆಯೇ ಆಗುತ್ತದೆ ಎನಿಸಿತು. ಬಿಸಿನೀರು ಬೆರೆಸಿ ಹಿಟ್ಟು ನಾದತೊಡಗಿದೆ. ಹೊರಗೆ ಇವರು ಮೈಮೇಲಿನ ಹಿಟ್ಟು ಕೊಡವಿಕೊಳ್ಳುವ ಸದ್ದಾಯಿತು. "ಬರ್ರಿ, ಮೊದಲ ಇಲ್ಲಿ ಕುಂದರ್ರಿ" ಎಂದು ಕರೆದು, ಮೊದಲ ರೊಟ್ಟಿ ತಟ್ಟಲು ಉಂಡೆ ಮಾಡಿದೆ.